ಮೈನಸ್ ಎರಡು

ದೆಸ್ಸೆ ಊರಿನ ನೀರಿನ ಕಚೇರಿ. ಮೂರನೇ ಕಿಟಕಿ.
ಮುದುಕ ಬಿಲ್ಲನ್ನು ಮಗುಚಿಟ್ಟು ಹೇಳಿದ:
"ಇದು ನಾನಲ್ಲ."

ಅಸಬ್ ಬಂದರಿನ ದಾರಿಯಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು.
ಹೆಸರು ಗೆಬ್ರೆ ಎಗ್ಜಿಅಬ್‌ಹೇರ್,
ನೆಲದೊಡೆಯನ ಆಳು ಎಂದರ್ಥ.
ಅವರ ಲಿಪಿಯಲ್ಲಿ ಹತ್ತೇ ಹತ್ತು ಅಕ್ಷರ.
ಬಿಲ್ಲಿನಲ್ಲಿ ಆರು, ಆಮೇಲೊಂದು
ಕರಿ ಚೌಕದೊಳಗೆ ಕೂತ ಪ್ರಶ್ನೆಚಿಹ್ನೆ.

"ಆಳಿದ್ದಾನೆ, ಒಡೆಯನೂ ಇದ್ದಾನೆ. ನೆಲ ಎಲ್ಲಿ?
ಆರಕ್ಷರದವನು ಕುಡಿದ ನೀರಿಗೆ
ಹತ್ತಕ್ಷರದವನು ಯಾಕೆ ದುಡ್ಡು ಕೊಡಲಿ?"
ಸಾಲಿನಲ್ಲಿದ್ದವರು ನಕ್ಕರು.
ವೊಯ್ನ್‌ಶೆತ್ ನಗಲಿಲ್ಲ. ಅವಳ ಕಣ್ಣು ಬಾಕಿಯ ಮೇಲಿತ್ತು:
ನಲವತ್ತೆಂಟು ಸಾವಿರದ ಇನ್ನೂರ ಹದಿಮೂರು ಬಿರ್.
"ಅದನ್ನು ಆಮೇಲೆ ಮಾತಾಡೋಣ," ಎಂದ ಮುದುಕ,
"ಮೊದಲು ಹೆಸರು."

ಯಾರೋ ಬರೆದು ಬಿಟ್ಟುಹೋದ ಸಿ ಪ್ರೋಗ್ರಾಮು.
ಹೆಸರಿಗೆಂದು ಇಪ್ಪತ್ತು ಮನೆಯ ಒಂದು ಸಾಲು,
ಕೊನೆಯ ಮನೆ ಸೊನ್ನೆಗೆ ಮೀಸಲು.
ಇಂಗ್ಲಿಷಿನ ಅಕ್ಷರ ಮನೆಗೊಂದರಂತೆ ಕೂತೆದ್ದು ಹೋಗುತ್ತದೆ.
ಇಲ್ಲಿಯದಕ್ಕೆ ಮೂರು ಮೂರು ಬೈಟು.
ಮೂರಾರ್ಲ ಹದಿನೆಂಟು.
ಹತ್ತೊಂಬತ್ತನೇ ಮನೆಗೆ ಏಳನೆಯ ಅಕ್ಷರ
ಒಂದು ಕಾಲಿಟ್ಟಿತ್ತು, ಅಷ್ಟರಲ್ಲಿ
ಎಫ್‌ಗೆಟ್ಸ್ ಬಾಗಿಲು ಹಾಕಿಕೊಂಡಿತು.
ಅಳಿಯದ್ದು ಎಂದೇ ಹೆಸರು ಪಡೆದದ್ದು
ಹೊಸ್ತಿಲಲ್ಲಿ ಅಳಿಯಿತು.

ಮಿಕ್ಕದ್ದು ಎಲ್ಲಿಗೂ ಹೋಗಿರಲಿಲ್ಲ.
ಮುದುಕನ ನೆಲ, ತಲೆಯಿಲ್ಲದೆ,
ಬೀದಿಯ ಹೆಸರಿನ ಜಾಗದಲ್ಲಿ ಕೂತಿತ್ತು.
ಬೀದಿ ಮೀಟರಿನ ಜಾಗಕ್ಕೆ,
ಮೀಟರ್ ನಂಬರು ಬಾಕಿಯ ಜಾಗಕ್ಕೆ.

"ಪೆಟ್ಟಿಗೆ ದೊಡ್ಡದು ಮಾಡು," ಎಂದರು ಸಾಹೇಬರು ಶಿಮೆಲಿಸ್,
"ಇನ್ನೂರಿಡು, ಮನೆಗೆ ಹೋಗು."
ಇಡಬಹುದು. ಆದರೆ ಕೊಂಬೊಲ್ಚದಿಂದ ಸಾಲುಗಳು
ಹಳೆಯ ಮೋಡೆಮ್ಮಿನಲ್ಲಿ ತುಂಡು ತುಂಡಾಗಿ ಬರುತ್ತವೆ.
ಕತ್ತಿ ಬೀಳುವ ಜಾಗ ಯಾರ ಕೈಯಲ್ಲೂ ಇಲ್ಲ.

ಮೊದಲು ಪ್ರೋಗ್ರಾಮಿಗೆ ಅದಿರುವ ಊರು ಹೇಳಬೇಕು.
ಹೇಳದಿದ್ದರೆ ಅದು 'ಸಿ' ಎಂಬ ಊರಿನಲ್ಲೇ ಇದ್ದೇನೆಂದು ತಿಳಿಯುತ್ತದೆ;
ಆ ಊರಲ್ಲಿ ಯಾರಿಗೂ ಇಂಥ ಹೆಸರಿಲ್ಲ.
ಹೇಳಿದಳು.
ಆಮೇಲೆ ಬೈಟುಗಳನ್ನು ಒಂದೊಂದು ತುತ್ತಾಗಿ ಕೊಟ್ಟು ಕೇಳಿದಳು:
ಆಯಿತಾ? ಇದು ಅಕ್ಷರವಾ?

ಮೈನಸ್ ಒಂದು ಅಂದರೆ ಅಲ್ಲ, ಆಗುವುದೂ ಇಲ್ಲ.
ಮೈನಸ್ ಎರಡು ಬೇರೆ:
ತಪ್ಪಿಲ್ಲ, ಮುಗಿದೂ ಇಲ್ಲ,
ಬಂದಷ್ಟನ್ನು ನೆನಪಿಟ್ಟಿದ್ದೇನೆ, ಉಳಿದದ್ದು ತಾ.
ಆ ಉತ್ತರ ಬರುವುದು ಋಣ ಗೊತ್ತಿಲ್ಲದ ಅಂಕಿಯ ವೇಷದಲ್ಲಿ,
ಬೆಟ್ಟದಷ್ಟು ದೊಡ್ಡದಾಗಿ.
ಸೊನ್ನೆಗಿಂತ ಕಡಿಮೆಯೇ ಎಂದು ಕೇಳುತ್ತ ಕೇಳುತ್ತ
ಮೊದಲ ರಾತ್ರಿ ಹಾಗೇ ಹೋಯಿತು.

ಎರಡನೆಯ ಸಂಜೆ ಚಿಕ್ಕಮ್ಮ ಯೆಶಿಮೆಬೆತ್ ಕಾಫಿ ಹುರಿದು ಕುದಿಸಿದಳು.
ಒಂದೇ ಪುಡಿಗೆ ಮೂರು ಸಲ ನೀರು,
ಮೂರು ಸುತ್ತು, ಮೂರನೆಯದಕ್ಕೆ ಹರಕೆ ಎಂದು ಹೆಸರು.
ಮೊದಲ ಬಟ್ಟಲಿಗೇ ನೆರೆಮನೆಯವಳು ಎದ್ದಳು,
ಒಲೆಯ ಮೇಲೆ ಏನೋ ಇದೆಯಂತೆ.
"ಕೂತ್ಕೋ," ಎಂದಳು ಚಿಕ್ಕಮ್ಮ, ತಲೆ ಎತ್ತದೆ,
"ನೀನಿನ್ನೂ ಬಂದು ಮುಗಿದಿಲ್ಲ."

ವೊಯ್ನ್‌ಶೆತ್ ಬಟ್ಟಲು ಕೆಳಗಿಟ್ಟಳು.
ಮೂರನೆಯ ಸುತ್ತಿಗೂ ಕಾದಳು, ಅವಸರವಿದ್ದರೂ.

ಸೋಮವಾರ ಮುದುಕ ಕನ್ನಡಕ ಹಾಕಿಕೊಂಡು
ಉಗುರಿನಿಂದ ಒಂದೊಂದೇ ಅಕ್ಷರ ಒತ್ತಿ ಎಣಿಸಿದ.
ಏಳನೆಯದರ ಮೇಲೆ ಸ್ವಲ್ಪ ಹೊತ್ತು ನಿಂತ.
ಹತ್ತು.
ಬಾಕಿ ನೂರ ಎಂಬತ್ತೇಳು ಬಿರ್.
"ಹೂಂ, ಇದು ನಾನೇ," ಎಂದ. ಜೇಬಿಗೆ ಕೈ ಹಾಕಿದವನು
ತೆಗೆಯದೆ ಕೇಳಿದ:
"ಗುರುವಾರದಿಂದ ನಲ್ಲಿಯಲ್ಲಿ ನೀರೇ ಇಲ್ಲವಲ್ಲ,
ಅದನ್ನು ಯಾವ ಕಿಟಕಿಯಲ್ಲಿ ಹೇಳಬೇಕು?"