ಗದ್ದನಕೇರಿ ಕ್ರಾಸಿನ ಏಳು ನಿಮಿಷ

ಗದ್ದನಕೇರಿ ಕ್ರಾಸಿನ್ಯಾಗ ನಮ್ಮ ಬಸ್ಸು
ಏಳು ನಿಮಿಷ ನಿಲ್ಲತೈತಿ.
ಮೋದಿನಸಾಬ ಸ್ಟೇರಿಂಗ ಬಿಟ್ಟು ಚಾ ಕುಡಿಯೂತನಕ
ನಾನು ರಸ್ತೆ ದಂಡಿಗೆ ಇಳಿದು ಬೀಜ ಆಯತೀನಿ.

ಖಾಕಿ ಅಂಗಿಗೆ ಎರಡು ಕಿಸೆ:
ಎಡಕ್ಕ ಚಿಲ್ಲರೆ, ಬಲಕ್ಕ ತಂಗಡಿಕಾಯಿ.
ಒಮ್ಮೆ ಕಲಾದಗಿ ಮಾಸ್ತರಿಗೆ ಗಡಿಬಿಡಿಯಾಗ
ಐದು ರೂಪಾಯಿ ಬದಲಿ ಒಣಕಾಯಿ ಕೊಟ್ಟಿದ್ದೆ.
ಕನ್ನಡಕ ಏರಿಸಿ ತಿರುವಿ ಮುರುವಿ ನೋಡಿ
"ಇದು ಯಾವ ರಾಜ್ಯದ ನಾಣ್ಯ, ಬಾಯಾರ?" ಅಂದ್ರು.
ಬಸ್ಸಿಗೆ ಬಸ್ಸ ನಕ್ಕಿತು.

ಮಶೀನಿನ ಸುರುಳಿ ಮುಗಿಯೂ ಮುಂದ ಉಳಿಯೋ
ಗುಲಾಬಿ ಗೆರಿ ಬಿದ್ದ ಕಾಗದ. ಅದರಾಗ ಪೊಟ್ಟಣ ಕಟ್ಟತೀನಿ.
ಟಿಕೀಟಿನ ಅಕ್ಷರ ಎರಡು ತಿಂಗಳಿಗೆ ಮಾಸತಾವು,
ಅದಕ್ಕ ಪೆನ್ಸಿಲ್ಲಿಲೆ ಬರೀತೀನಿ:
ತುಂಬಿ. ತುಳಸಿಗೇರಿ ಕಟ್ಟಿ ಹಿಂದ. ಕಾರ್ತೀಕ.
ಅಣ್ಣಿ. ಲೋಕಾಪುರ, ಜ್ವಾಳದ ಬದು.
ವಿಷ್ಣುಕ್ರಾಂತಿ. ಹಳೇ ಊರಿನ ಹಿನ್ನೀರ ದಂಡಿ.
ಒಂಬತ್ತ ಕಾಳು.

ಮನಿ ನವನಗರದಾಗ.
ಇಲ್ಲಿ ಓಣಿಗೆ ಹೆಸರಿಲ್ಲ, ನಂಬರ ಐತಿ.
ಹಳೇ ಊರಿಗೆ ನೀರು ಬಂದಾಗ
ಮಂದಿ ಬಾಗಿಲಾ ತಂದ್ರು, ಬೀಸೂಕಲ್ಲ ತಂದ್ರು,
ನಮ್ಮವ್ವ ಒಲಿಯ ಬೂದಿ ಸೈತ ಹಿಡಿಯಷ್ಟು ತಂದ್ಲು.
ಬದುವಿನ ಹೂ ಯಾರಿಗೆ ನೆನಪಿರತೈತಿ?
ಅದನ್ನ ಯಾರೂ ನೆಟ್ಟಿರಲಿಲ್ಲ.

ಮೊದಲನೇ ವರ್ಷ ಬೆರಳುದ್ದ ಆಳಕ್ಕ ಊರಿದೆ,
ಎರಡ ಹೊತ್ತು ನೀರುಣಿಸಿದೆ,
ಬಂದಿದ್ದು ಕಾಂಗ್ರೆಸ್ ಕಸ ಒಂದ.

ಪುಂಡಿಪಲ್ಲೆ ಬುಟ್ಟಿ ತೊಡಿಮ್ಯಾಲ ಇಟಗೊಂಡು
ಬಾನೆಟ್ಟಿನ ಬಾಜೂಕ ಕೂಡೋ ತುಳಸಿಗೇರಿ ದುರುಗವ್ವಗ
ಶೂನ್ಯ ಟಿಕೀಟು ಹರಿದುಕೊಡುತ್ತ ಈ ಸಂಕಟ ಹೇಳಿದೆ.
"ಹೆಣಾ ಹುಗಿದಂಗ ಹುಗಿದ್ರ ಎಲ್ಲಿಂದ ಬರಬೇಕ ನನ ತಾಯಿ?
ತಂಗಡಿದು ಎಮ್ಮಿ ತೊಗಲು, ಕಲ್ಲಿಗೆ ತಿಕ್ಕು,
ಬಿಸಿನೀರಾಗ ಒಂದ ರಾತ್ರಿ ಇಡು.
ತುಂಬಿಗೆ ಮಣ್ಣ ಹೊಚ್ಚಬ್ಯಾಡ, ಉದುರಿಸಿ ಅಂಗೈಲೆ ಒತ್ತು.
ನೀರಂತೂ ಮಳಿ ಕೇಳಿ ಹಾಕು."
ಇಷ್ಟು ಹೇಳಿ ಇಳದು ಹೋದ್ಲು.
ಅಕಿ ಸೀರಿ ನೆರಿಗಿಗೆ ಉತ್ತರಾಣಿ ಹತ್ತಿತ್ತು,
ಅದೂ ಪುಗಸಟ್ಟೆ ಪ್ರಯಾಣ.

ಮಿರಗ ಮಳಿ ಎರಡ ದಿನ ಹೊಡಿದು ಬಿಟ್ಟಿತು.
ಹನ್ನೊಂದನೇ ಮುಂಜಾನಿ, ಡ್ಯೂಟಿಗೆ ಹೊಂಡೂಕಿಂತ ಮೊದಲು
ಕುಕ್ಕರಗಾಲಿಲೆ ಕುಂತು, ರೂಢಿ ಬಿಡಲಿಲ್ಲ,
ಮುಂದಿನ ಬಾಗಿಲದಿಂದ ಹಿಂದಿನ ಸೀಟಿನತನಕ ಎಣಿಸಿದೆ:
ನಲವತ್ತಮೂರು. ನಿಂತವರು ಬ್ಯಾರೆ.

"ಇಷ್ಟ ಕಸಾ ಯಾಕ ಸಾಕೀರಿ?" ಅಂದ್ರು
ಕಂಪೌಂಡಿನ ಆಚೆಯ ಹುನಗುಂದ ಸರ್.
"ನರ್ಸರಿಯಿಂದ ನಾಕ ಗುಲಾಬಿ ತರ್ರಿ."
ಶ್ರಾವಣ ಸೋಮವಾರ ಅವರ ಮನಿಯವರು
ಬೆಳ್ಳಿ ಬಟ್ಟಲಾ ಹಿಡಕೊಂಡು ಬಂದು ನಿಂತ್ರು,
ಶಿವನಿಗೆ ನಾಕು ತುಂಬಿ ಹೂ ಬೇಕಿತ್ತಂತ.
ಕಸದಾಗ ಅದಾವ ನೋಡ್ರಿ ಅಂದೆ.
ಅನಬಾರದಿತ್ತು. ಆಮ್ಯಾಲ ನಾನ ಬಿಡಿಸಿ ಕೊಟ್ಟೆ.

ಅಣ್ಣಿ ಎದಿಮಟ ಬೆಳೀತು, ತುದಿಗೆ ಗುಲಾಬಿ ಬತ್ತಿ.
ತಂಗಡಿ ಈ ವರ್ಷ ಬರೇ ಎಲಿ.
ವಿಷ್ಣುಕ್ರಾಂತಿಯ ಕುಂಡಿಗೆ
ದಸರಾತನಕ ಹನಿ ಹನಿ ನೀರು ಚಿಮಕಿಸಿದೆ.
ಒಂದೂ ಬರಲಿಲ್ಲ.

ಮೊನ್ನೆ ಕಲಾದಗಿ ಹತ್ರ ಚೆಕಿಂಗ್ ನಿಂತಿತ್ತು.
ಹೊಸ ಇನ್ಸ್‌ಪೆಕ್ಟರು, ಮುಖದಾಗ ನಗು ಇಲ್ಲ.
ರೊಕ್ಕ ಎಣಿಸಿದ್ರು, ಮಶೀನ ನೋಡಿದ್ರು,
ಚೀಲದ ತಳದಾಗ ಪೊಟ್ಟಣ ಸಿಕ್ಕವು.
"ಏನಿವು?"
"ಲಗೇಜು, ಸರ್."
ಒಂದೊಂದ ಓದಿಕೋತ ಬಂದವರು
ಖಾಲಿ ಪೊಟ್ಟಣದ ಹತ್ರ ನಿಂತ್ರು.
"ನೀಲಿದು. ಬಿಸಲೇರಿದ್ರ ಮುಚ್ಚಿಕೋತಿತ್ತು.
ನಮ್ಮ ಹೊಲದ ಬದುವಿನ್ಯಾಗ…
ಆ ಹೊಲ ಈಗ ನೀರಾಗ ಐತಿ."
"ಒಂಬತ್ತ ಇದ್ದೂ ಸರ್. ಹತ್ತಲಿಲ್ಲ."

ಹಿಂದಿನ ಸೀಟಿನವರು ಹೊತ್ತಾತು ಅಂತ ಒದರಿದ್ರು.
ಅವರು ವೇ-ಬಿಲ್ಲಿಗೆ ಸಹಿ ಹಾಕಿ,
ಪೊಟ್ಟಣಾ ಮೊದಲಿನ ಮಡಿಕಿಗೇ ಮಡಚಿ ಕೊಟ್ಟು
"ಕುಂಡಿ ಸುರವಬ್ಯಾಡ್ರಿ,
ಇನ್ನೊಂದ ಮಳಿ ನೋಡ್ರಿ" ಅಂದು ಇಳಿದ್ರು.

ನಾನು ಸೀಟಿ ಊದಿದೆ.