ಖಾಲಿ ಗೆರೆ

ಕಿರ್ದಿಯಲ್ಲಿ ದಿನಕ್ಕೆ ಎರಡು ಗೆರೆ
ಖಾಲಿ ಬಿಡುತ್ತಿದ್ದೆ.
ಯಾರೂ ಕಲಿಸಿದ್ದಲ್ಲ. ರಾಯಚೂರು ಗಂಜಿನ
ಗುಮಾಸ್ತರೆಲ್ಲ ಬಿಡುತ್ತಿದ್ದರು,
ಗಾಡಿ ಹೇರುವವರು ಕೊನೆಯ ಅಂಡಿಗೆಗೆ
ಜಾಗ ಉಳಿಸಿದಂತೆ.
ಮರೆತದ್ದು ಸಂಜೆ ನೆನಪಾದರೆ ಅಲ್ಲಿ ಬರೆಯಬೇಕು.
ನಡೆಯದ್ದನ್ನೂ ಕೆಲವು ಸಲ.

ಮಾರ್ಚಿಯಲ್ಲಿ ಸಾವುಕಾರ ಪಂಪಣ್ಣ
ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು
"ಗುಮಾಸ್ತಾ, ದೀಪಾವಳಿ ಹಿಂದಿನ ವಾರದಾಗ
ಎಲ್ಲ್ಯಾರ ಜಾಗ ಐತೇನು ನೋಡು" ಅನ್ನುತ್ತಿದ್ದರು.
ಇರುತ್ತಿತ್ತು.
ನಲವತ್ತು ಅಂಡಿಗೆ ಹತ್ತಿ ಆ ಗೆರೆಯೊಳಗೆ ಹೋಗಿ
ಹೊರಗೆ ಬರಲೇ ಇಲ್ಲ.

ಅಂಥದೇ ಗೆರೆಯಲ್ಲಿ,
ಹಮಾಲಿ ಹುಸೇನಪ್ಪ ಚೀಲದಡಿ ಸೊಂಟ ಮುರಿದುಕೊಂಡಾಗ,
ನಿನ್ನೆಯ ತಾರೀಖಿಗೆ ಮುನ್ನೂರು ರೂಪಾಯಿ
"ಹಗ್ಗ, ಗೋಣಿ ರಿಪೇರಿ" ಅಂತ ಬರೆದು
ಅವನ ಹೆಂಡತಿಯ ಕೈಗಿಟ್ಟೆ.
ಒಂದೇ ಮಸಿ, ಒಂದೇ ಕೈ.
ಕಾಗದ ಎರಡನ್ನೂ ಕುಡಿದು ಸುಮ್ಮನಿತ್ತು.

ಈಗ ಫರ್ಜಾನಾ ಬಂದಿದ್ದಾಳೆ, ಮಾನ್ವಿಯ ಹುಡುಗಿ, ಬಿಕಾಂ.
ಬೆಳಿಗ್ಗೆ ಕೀಬೋರ್ಡಿನ ಸಂದಿಯ ಹತ್ತಿ ಎಳೆ
ಊದಿ ತೆಗೆದು ಕೂಡುತ್ತಾಳೆ.
ಮೊದಲ ದಿನವೇ ಕೇಳಿದ್ದೆ, ಇದರಲ್ಲಿ ಗೆರೆ ಬಿಡುವುದು ಹೇಗೆ?
"ಬಿಡಾಕ ಬರಂಗಿಲ್ಲ ಕಾಕಾ.
ನೂರಾ ಹನ್ನೆರಡಾದ ಮ್ಯಾಲ ನೂರಾ ಹದಿಮೂರ.
ತಿದ್ದಬೌದು. ಆದ್ರ ತಿದ್ದಿದ್ದು ಉಳಿತೈತಿ."

ಪಂಪಣ್ಣ ಎರಡು ವಾರ ಒಳಗೆ ಬರಲಿಲ್ಲ.
ಮನೆಗೆ ಬಂದ ಇನ್‌ಸ್ಪೆಕ್ಟರು
ಚಹಾ ಕುಡಿದು ಏಳಲಿ ಅಂತ ಕಾಯುವವರ ಹಾಗೆ
ಕಟ್ಟೆಯ ಮೇಲೆ ಕೂತರು.
ಅದು ಏಳಲಿಲ್ಲ.

ಮೊನ್ನೆ ತೊಗರಿ ಲಾಟಿನಲ್ಲಿ
ಅರವತ್ನಾಲ್ಕು ಚೀಲಕ್ಕೆ ನಲವತ್ತಾರು ಅಂತ ಬಡಿದೆ.
ಹುಸೇನಪ್ಪನ ಮಗ ಫೋನು ಮುಂದೆ ಹಿಡಿದು ಬಂದ:
"ಹದಿನೆಂಟು ಚೀಲದ ಹಮಾಲಿ ಬಂದಿಲ್ರಿ."
ಅವನ ಅಪ್ಪ ಎಂದೂ ಹೀಗೆ
ಬಾಗಿಲ ಒಳಗೆ ನಿಂತು ಲೆಕ್ಕ ಕೇಳಿದವನಲ್ಲ.
ತಿದ್ದಿದೆ.
ಫರ್ಜಾನಾ ಪಟ್ಟಿ ತೆರೆದು ತೋರಿಸಿದಳು:
ಹಳೆಯ ಅಂಕಿ, ಹೊಸ ಅಂಕಿ,
ಸಂಜೆ ಏಳು ಗಂಟೆ ಹನ್ನೆರಡು ನಿಮಿಷ,
ಕೊನೆಯ ಕಾಲಮ್ಮಿನಲ್ಲಿ
ಆದೆಪ್ಪ ಬಿ.

ಗೋಡೆಗೂಡಿನ ತುಂಬ ಕೆಂಪು ಬಟ್ಟೆಯ ಪುಸ್ತಕಗಳಿವೆ,
ಮೂವತ್ತೆಂಟು ವರ್ಷದವು.
ಲಿಂಗಸುಗೂರಿನ ವ್ಯಾಪಾರಿಗಳು, ಜಿನ್ನಿನ ಮಾಲೀಕರು,
ಚಹಾ ತರುವ ಹುಡುಗನ ಬಾಕಿ ಕೂಡ
ನನ್ನ ಅಕ್ಷರದಲ್ಲೇ ಇದೆ.
ಬರೆದವನ ಹೆಸರಿಗೆ ಅಲ್ಲಿ ಕಾಲಮ್ಮು ಇರಲಿಲ್ಲ.

"ಯಾಕ ಕಾಕಾ, ಮತ್ತ ತಪ್ಪಾತೇನು?"
ಕನ್ನಡಕ ತೆಗೆದು ಒರೆಸಿಕೊಂಡು
ಇನ್ನೊಮ್ಮೆ ಓದಿದೆ.
ಕಾಗುಣಿತ ಸರಿಯಿತ್ತು.