ಮೇಲೆ ಯಾವುದು

ಗಾಜಿನ ಪಟ್ಟಿಯ ಮೇಲೆ ಒಂದು ಹನಿ:
ಪಾರೆಯ ಪಳ್ಳದ ನೀರು,
ಒಣಹುಲ್ಲು ಕೊಳೆಸಿ ಐದು ದಿನ ಇಟ್ಟದ್ದು,
ಮಿಸ್ರಿಯಾ ತಂದ ನನ್ನಾರಿ ಶರಬತ್ತಿನ ಬಾಟಲಿಯಲ್ಲಿ.
ಮಸೂರಕ್ಕೆ ಕಣ್ಣಿಟ್ಟು ಕೇಳಿದಳು:
"ಟೀಚರ್, ಇವುಗಳಿಗೆ ಮೇಲೆ ಯಾವುದು?"

ಪಟ್ಟಿ ಮೇಜಿನ ಮೇಲೆ ಮಲಗಿತ್ತು.
ಮಲಗಿದ ನೀರಿಗೆ ಮೇಲೆಂಬುದಿಲ್ಲ.
ಹದಿನೇಳು ವರ್ಷ ನಾನು ತೋರಿಸಿದ್ದು
ಮಲಗಿದ ನೀರನ್ನೇ.

ಸಪೂರ ಕೊಳವೆ ತುಂಬಿದೆವು, ಗುಳ್ಳೆ ಉಳಿಯದ ಹಾಗೆ,
ಎರಡೂ ಬಾಯಿಗೆ ಮೇಣ.
ಬೆಳಕು ದಾರಿ ಹೇಳಿಕೊಡದ ಹಾಗೆ ಕಪ್ಪು ಕಾಗದ ಸುತ್ತಿ
ನೆಟ್ಟಗೆ ನಿಲ್ಲಿಸಿದೆವು.
ಒಂದು ಪೀರಿಯಡ್ ಕಳೆದು ಬಿಚ್ಚಿದರೆ
ಮೇಲ್ತುದಿಯಲ್ಲಿ ಅಕ್ಕಿ ತೊಳೆದ ನೀರಿನಂಥ ಮೋಡ.
ತಲೆಕೆಳಗು ಮಾಡಿದೆವು.
ಊಟದ ಬೆಲ್ಲಿನ ಹೊತ್ತಿಗೆ
ಮೋಡ ಮತ್ತೆ ಹತ್ತಿತ್ತು.

"ಮಿತ್ತ್" ಎಂದ ಹಿಂದಿನ ಬೆಂಚಿನ ಜಿತೇಶ.
"ವಯ್ರ್" ಎಂದಳು ಲವೀಟಾ.
"ಮೇಲೆ ಅಂದ್ರೆ ನಮ್ಮಲ್ಲೂ ಮೇಲೆಯೇ ಟೀಚರ್,
ಕೆಳಗೆ ಮಾತ್ರ ತಾಯೆ" ಎಂದಳು ಮಿಸ್ರಿಯಾ.
ಹತ್ತುವಾಗ ಒಟ್ಟಿಗೆ,
ಇಳಿಯುವಾಗ ಬೇರೆ ಬೇರೆ.

ಕಿವಿಯಿಲ್ಲ, ನರವಿಲ್ಲ, ಒಂದೇ ಕೋಣೆಯ ಮನೆ.
ಒಳಗಿನ ರಸ ಹೊರಗಿನ ನೀರಿಗಿಂತ
ಕೂದಲೆಳೆಯಷ್ಟು ಭಾರ.
ಆ ಭಾರ ತಗ್ಗಿನ ಗೋಡೆಗೆ ಒರಗುತ್ತದೆ,
ಒರಗಿದಲ್ಲಿ ಒಂದು ಕಿಂಡಿ ತೆರೆಯುತ್ತದೆ,
ಮೈತುಂಬ ಹುಟ್ಟು ಹಾಕುವ ರೋಮಗಳಿಗೆ
ಸುದ್ದಿ ಮುಟ್ಟುತ್ತದೆ.
ಹೀಗೆ ಎನ್ನುತ್ತಾರೆ. ಪೂರ್ತಿ ತಿಳಿಯದು ಎಂದೂ ಎನ್ನುತ್ತಾರೆ.
ಇನ್ನೊಂದು ಜಾತಿ ಉಂಟು,
ಒಡಲಲ್ಲಿ ಖನಿಜದ ಹರಳು ಇಟ್ಟುಕೊಂಡೇ ತಿರುಗುವುದು,
ಸೋಡಾ ಬಾಟಲಿಯ ಗೋಲಿಯ ಹಾಗೆ.

ನನ್ನ ಸೋದರಮಾವ ಅಂಗಾರ
ಎಣ್ಮಕಜೆಯ ಗುಡ್ಡಗಳೊಳಗೆ ಸುರಂಗ ಕೊರೆದವ.
ಕೂತೇ ಕೊರೆಯಬೇಕು, ಬೆನ್ನು ಬಗ್ಗಿಸಿಯೇ ಬದುಕಬೇಕು.
ಚಿಮಿಣಿ ತಾನಾಗಿ ಆರಿತೆಂದರೆ ಗಾಳಿ ಮುಗಿಯಿತು,
ಹಿಂದೆ ಸರಿಯಬೇಕು.
ಆ ಕತ್ತಲಲ್ಲಿ ಏರು ಯಾವುದು, ಇಳುಕಲು ಯಾವುದು?
"ಬೆವರು ಮೂಗಿಗೆ ಬಂತಾ, ಕಿವಿಗೆ ಬಂತಾ ನೋಡುದು, ಅಷ್ಟೇ."
ಮಟ್ಟಗೋಲು ಮುಟ್ಟಿದವನಲ್ಲ.
ಅವ ಕೊರೆದಲ್ಲಿ ನೀರು
ಒಂದು ದಿನವೂ ಒಳಗೆ ನಿಂತದ್ದಿಲ್ಲ.

ಸೋಮವಾರ ಚಾಪೆಯಿಂದ ಎದ್ದವನಿಗೆ
ಮಾಡು ಕೆಳಗೆ ಬಂತು, ನೆಲ ಮೇಲೆ ಹೋಯಿತು.
ಗೋಡೆ ಹಿಡಿದು ಕೂತು ವಾಂತಿ.
"ಕಲ್ಲು ಜಾರಿದೆ" ಎಂದರು
ಕಾಸರಗೋಡಿನ ಕಿವಿಯ ಡಾಕ್ಟರು,
ಎಲ್ಲರ ಕಿವಿಯೊಳಗೂ ಇರುವ ಸುಣ್ಣದ ಹರಳು,
ಹುಡಿಗಿಂತ ಸಣ್ಣದು.
ಮಾವ ಅಂಥ ತಲೆಸುತ್ತಿನಲ್ಲೂ ನಕ್ಕ:
"ಇಡೀ ಗುಡ್ಡ ಒಡೆದೆ. ಇದೊಂದು ಬಾಕಿ ಇತ್ತಾ?"
ಅವನ ತಲೆ ಹಿಡಿದು ಬಲಕ್ಕೆ ಹೊರಳಿಸಿ
ಮಂಚದ ಅಂಚಿನಿಂದ ಇಳಿಬಿಟ್ಟು, ಕಾದು, ಎಡಕ್ಕೆ,
ಹರಳನ್ನು ಮನೆಗೆ ನಡೆಸಿದರು ಡಾಕ್ಟರು.
ನಾವು ಕೊಳವೆ ತಿರುಗಿಸಿದ್ದೂ ಹೀಗೇ,
ಇಷ್ಟು ಮೆತ್ತಗೆ ಅಲ್ಲ.

ಹೊರಗೆ ಬೆಂಚಿನಲ್ಲಿ, ಚೀಲದಿಂದ ಕೊಳವೆ ತೆಗೆದು ಕೊಟ್ಟೆ.
ತಿರುಗಿಸಿದ. ಕಾದ. ಮತ್ತೆ ತಿರುಗಿಸಿದ.
"ಇವಕ್ಕೆ ತಲೆ ತಿರುಗುದಿಲ್ವಾ?"
ತಲೆಯೇ ಇಲ್ಲ ಮಾವ.
"ಒಳ್ಳೇದಾಯ್ತು." ಸ್ವಲ್ಪ ತಡೆದು,
"ಕೆಳಗೆ ಹೋಗುದು ಯಾವುದೂ ಇಲ್ವಾ?"
ಉಂಟು, ಆ ಗೋಲಿ ಹೊತ್ತದ್ದು.
ಗಾಳಿ ಕಡಿಮೆ ಇದ್ದಲ್ಲಿಗೇ ಇಳಿಯುತ್ತದಂತೆ.
"ಹ್ಞಾ, ಅದು ನಮ್ಮ ಜನ."

ಪೆರ್ಲದ ಬಸ್ಸು. ಚೀಲದಲ್ಲಿ ಕೊಳವೆ ಅಡ್ಡ ಬಿದ್ದಿದೆ.
ಉಕ್ಕಿನಡ್ಕದ ತಿರುವು, ಮತ್ತೊಂದು ತಿರುವು.
ಪ್ರತಿ ಸಲವೂ ಆ ಕತ್ತಲಲ್ಲಿ
ಸಾವಿರ ಒಂಟಿಕೋಣೆಗಳು
ತಮ್ಮ ಗೋಡೆಗೆ ತಾವೇ ಒರಗಿ
ಮೊದಲಿನಿಂದ ನೋಡಿಕೊಳ್ಳುತ್ತಿರಬೇಕು.
ಮಾವ ಕಿಟಕಿಯ ಸರಳಿಗೆ ಹಣೆ ಇಟ್ಟು ಕಣ್ಣು ಮುಚ್ಚಿದ್ದಾನೆ.
ಗಲ್ಲದ ಮೇಲೆ ಒಂದು ಬೆವರ ಹನಿ,
ಮೂಗಿಗೋ ಕಿವಿಗೋ,
ಇನ್ನೂ ಹೊರಟಿಲ್ಲ.